ಬೂಷ್ಟು

ನಮ್ಮ ಮನೆಯಲ್ಲಿ ಅದು ಬೈಗುಳದ ಶಬ್ದ.
ಹತ್ತು ಗಂಟೆಗೆ ಏಳುವ ಮೈದುನನಿಗೆ ಅದೇ ಹೆಸರು.
ಆಟಿ ತಿಂಗಳಲ್ಲಿ ಅದಿಲ್ಲದ ಮೂಲೆ ಉಂಟೇ?
ಚಪ್ಪಲಿಯ ಪಟ್ಟಿ, ಅತ್ತೆಯ ತೇರ್ಸಿನ ಸರದ ಡಬ್ಬಿ,
ಗಾಜಿನೊಳಗೆ ನುಗ್ಗಿ ಮದುವೆಯ ಫೋಟೋದಲ್ಲಿ
ಗಂಡನ ಕೋಟಿಗೆ ಹೊಸ ಗುಂಡಿ ಹೊಲಿದದ್ದೂ ಅದೇ.
ಒಣಬಟ್ಟೆ ಹಿಡಿದು ಒರೆಸುತ್ತಾ ಬಂದಿದ್ದೇನೆ
ಇಪ್ಪತ್ತಾರು ಮಳೆಗಾಲ, ಈ ಶಂಕರಪುರದಲ್ಲಿ.

ಹಾಗಾಗಿ ಮೊದಲ ಮಳೆಯ ವಾರ ಮಲ್ಲಿಗೆಯ ಎಲೆ ಮೇಲೆ
ಬಿಳಿ ಹತ್ತಿಯಂಥದ್ದು ಕಂಡಾಗ
ನನಗೆ ಸಂಶಯವೇ ಇರಲಿಲ್ಲ.
ಕಟಪಾಡಿಯ ಅಂಗಡಿಯವನೂ ಕನ್ನಡಕ ಏರಿಸದೆ ಹೇಳಿದ: ಬೂಷ್ಟು.
ಹಳದಿ ಪುಡಿ ಅರ್ಧ ಕಿಲೋ, ಜೊತೆಗೆ
ಯಾವುದಕ್ಕೂ ಇರಲಿ ಎಂದು ಹುಳದ ಮದ್ದು ಒಂದು ಬಾಟಲಿ.
ಐತಪ್ಪಣ್ಣ ಎರಡನ್ನೂ ಒಂದೇ ಕ್ಯಾನಿಗೆ ಸುರಿದು
ಮೂಗಿಗೆ ಬೈರಾಸು ಕಟ್ಟಿ
ತೊಂಬತ್ತು ಗಿಡಕ್ಕೆ ಸ್ನಾನ ಮಾಡಿಸಿದ.
ಬಚ್ಚಲಿನ ಹಿಂದಿನ ಒಂದಕ್ಕೆ ಪೈಪು ಮುಟ್ಟಲಿಲ್ಲ.
ಅದೊಂದು ಸಾಯಲಿ ಬಿಡಿ ಅಕ್ಕಾ, ಎಂದ.

ಸಾಯಲಿಲ್ಲ.
ಸತ್ತಂತಾದದ್ದು ತೊಂಬತ್ತು.
ಎಲೆ ಮುರುಟಿತು, ಮೊಗ್ಗು ಕಂಬಳಿ ಹೊದ್ದು
ಅರಳುವುದನ್ನೇ ಮರೆಯಿತು.
ಕಟ್ಟೆಯಲ್ಲಿ ಅಟ್ಟೆಗೆ ರೇಟು ಏರಿದ ದಿನ
ಬಾಳೆನಾರು ನೆನೆಹಾಕಿ ಕುಳಿತರೆ
ಒಂದು ಚೆಂಡು ಪೂರ್ತಿಯಾಗಲಿಲ್ಲ.
ಲೆಕ್ಕ ತಪ್ಪಿತೇನೋ ಎಂದು ಅತ್ತೆ
ಮತ್ತೊಮ್ಮೆ ಎಣಿಸಿದರು, ತುಟಿ ಅಲುಗಿಸುತ್ತಾ.

ಬ್ರಹ್ಮಾವರದಿಂದ ಮುಬೀನಾ ಎಂಬ ಹುಡುಗಿ ಬಂದಳು,
ಕಲಿಯುವವಳು. ರೈನ್‌ಕೋಟಿನ ಒಳಗೆ ಕೂಸಿನ ಹಾಗೆ
ಒಂದು ಸೂಕ್ಷ್ಮದರ್ಶಕ.
"ಇದು ಬೂಷ್ಟಲ್ಲ ಆಂಟಿ. ಗಿಡದ್ದೇ ಕೂದಲು,
ನುಸಿ ಚುಚ್ಚಿದಲ್ಲಿ ಎದ್ದದ್ದು.
ಹೆದರಿದರೆ ನಮಗೆ ರೋಮ ಏಳುವುದಿಲ್ಲವಾ?"
ನೋಡಿದೆ. ಆ ಕೂದಲಿನ ಕಾಡಿನಲ್ಲಿ
ಹಾಲುಬಣ್ಣದ, ಬಾಲದ ಕಡೆ ಮೊನೆಯಾದ ಜೀವಗಳು,
ಒಂದೊಂದಕ್ಕೆ ನಾಲ್ಕೇ ಕಾಲು,
ಯಾರ ಹಂಗೂ ಇಲ್ಲದೆ ಮೇಯುತ್ತಿದ್ದವು.

ಆಮೇಲೆ ಬಚ್ಚಲಿನ ಹಿಂದಿನ ಗಿಡದ ಎಲೆ.
ಅಲ್ಲಿಯೂ ಅವೇ, ಆದರೆ ಅಲುಗಾಟವಿಲ್ಲ.
ಸತ್ತ ಮೈಯಿಂದ ನೂಲು ಹೊರಟು
ತುದಿಯಲ್ಲಿ ಒಂದು ಮಣಿ ಹಿಡಿದು ನಿಂತಿತ್ತು.
"ಇದು ಬೂಷ್ಟು," ಎಂದಳು,
ನೆಂಟರನ್ನು ಪರಿಚಯಿಸುವ ಧ್ವನಿಯಲ್ಲಿ.
"ನುಸಿಯನ್ನು ತಿನ್ನುವಂಥದ್ದು. ತೇವ ಸಿಕ್ಕಿದರೆ ತಾನೇ ಹಬ್ಬುತ್ತದೆ.
ಉಳಿದ ಗಿಡಕ್ಕೂ ಬಂದಿರುತ್ತಿತ್ತು..."
ಮುಂದಿನದನ್ನು ಹೇಳಲಿಲ್ಲ.
ಹಳದಿ ಪುಡಿಯ ಪೊಟ್ಟಣ ಕಿಟಕಿಯಲ್ಲೇ ಇತ್ತು,
ಅದರಲ್ಲಿ ನಾನು ಮೊಳೆ ಹಾಕಿಟ್ಟಿದ್ದೆ.

ನುಸಿ ಹುಳವೂ ಅಲ್ಲವಂತೆ, ಜೇಡನ ಕಡೆಯ ಸಂಬಂಧವಂತೆ.
ಬಾಟಲಿ ಕೊಂದದ್ದು ಇನ್ಯಾರನ್ನೋ.
ಪುಡಿ ಕೊಂದದ್ದು, ಕೂಲಿ ಕೇಳದೆ
ನನಗಾಗಿ ದುಡಿಯುತ್ತಿದ್ದವನನ್ನು.
ಅವನ ಮುಖ ನಾನು ನೋಡಿಯೇ ಇರಲಿಲ್ಲ.
ಇದನ್ನು ಎಲ್ಲಿ ಹೇಳಿಕೊಳ್ಳುವುದು?
ಮೊಣಕಾಲೂರಿ, ಬೂಷ್ಟನ್ನು ಕೊಂದೆ ಫಾದರ್, ಎಂದರೆ
ಒಳ್ಳೇದಾಯಿತು ಎನ್ನುತ್ತಾರೆ.
ಅವರ ಕೋಣೆಯ ಗೋಡೆ ನಾನು ಕಂಡಿದ್ದೇನೆ.

ಹುಡುಗಿ ಹೋದ ಮೇಲೆ ತೇರ್ಸಿನ ಡಬ್ಬಿ ಕೈಗೆತ್ತಿಕೊಂಡೆ.
ಒಂದು ಗಳಿಗೆ ಬಟ್ಟೆ ನಿಂತಿತು. ಆಮೇಲೆ ಒರೆಸಿದೆ.
ಅದು ಬೇರೆ ಕುಲವಂತೆ, ಕೇಳಿಕೊಂಡಿದ್ದೆ.

ಇವತ್ತು ಐತಪ್ಪಣ್ಣ ಹೊಸ ಪೈಪು ತಂದ.
"ಬಚ್ಚಲಿನ ಹಿಂದಕ್ಕೂ ಮುಟ್ಟುತ್ತದೆ ಅಕ್ಕಾ!"
ಚಾ ಕೊಟ್ಟು ಕಳಿಸಿದೆ. ಪಕ್ಕದ ಹಿತ್ತಿಲಿಗೆ ಹೋದ.
ಪಂಪಿನ ಸದ್ದು. ಗಾಳಿ ಈ ಕಡೆಗೆ.
ಕಪಾಟಿನಿಂದ ಹಳೆಯ ಬೆಡ್‌ಶೀಟು ಎಳೆದು
ಬಚ್ಚಲಿನ ಗೋಡೆಯಿಂದ ನುಗ್ಗೆಮರಕ್ಕೆ ಅಡ್ಡ ಕಟ್ಟಿದೆ.
ಆಟಿಯಲ್ಲಿ ಹೊರಗೆ ಬಿಟ್ಟ ಬಟ್ಟೆ.
ಅದಕ್ಕೂ ಹಿಡಿಯುತ್ತದೆ, ಗೊತ್ತು.